ಕಾಣದ ಕೆಲಸಕ್ಕೆ ಸಹಿ

ಕೆಲಸವು ತೃಪ್ತಿಕರವಾಗಿ ನೆರವೇರಿದೆಯೆಂದು ಬಿಲ್ಲಿನ ಹಿಂಬದಿ ಮುದ್ರೆ ಒತ್ತಿ ಸಹಿ ಹಾಕುವುದು ನಮ್ಮಂಥ ಗುಮಾಸ್ತರ ನಿತ್ಯಕರ್ಮ. ಕಣ್ಣಾರೆ ಕಾಣದ ಕೆಲಸಕ್ಕೆ ಹಾಕಿದ ಸಹಿ ಸುಳ್ಳೋ, ಬರೀ ರೂಢಿಯೋ?

2009ರ ಬೇಸಿಗೆಯ ಮಾತು. ನಾಗಪುರದ ನಮ್ಮ ಕಚೇರಿಯಲ್ಲಿ ಕಾಡುಮೇಡು ಸುತ್ತಲು ಒಂದು ಹಳೆಯ ಶಕ್ತಿಮಾನ್ ಟ್ರಕ್ಕಿತ್ತು. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯ ಮೇಲೆ ಜಬಲ್ಪುರದಲ್ಲಿ ತಯಾರಾದದ್ದು. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಅದರ ಎಣ್ಣೆ ಬದಲಾಯಿಸಿದ ಬಿಲ್ಲಿಗೆ ನಾವೇ ಸಹಿ ಹಾಕಿದ್ದೆವು. ವಾರದೊಳಗೆ ಡ್ರೈವರ್ ಬಂದು, ಪೆಟ್ಟಿಗೆ ಗುಂಯ್ಗುಟ್ಟುತ್ತಿದೆ ಎಂದರು. ಅವರೊಡನೆ ನಾವೂ ಟ್ರಕ್ಕಿನಡಿ ನುಸುಳಿದೆವು. (ಬಿ.ಎಸ್ಸಿ. ಓದಿದವರ ಕುತೂಹಲ ಕಡತಗಳ ನಡುವೆಯೂ ಪೂರ್ತಿ ಸಾಯುವುದಿಲ್ಲ.) ಎರಡು ಪ್ಲಗ್ಗುಗಳ ಮೇಲೂ ಹಳೆಯ ಕೆಸರು ಗಟ್ಟಿಯಾಗಿ ಕೂತಿತ್ತು. ಸ್ಪ್ಯಾನರ್ ತಾಗಿದ ಗುರುತೇ ಇಲ್ಲ!

ಬಿಲ್ಲು ಕೊಟ್ಟವನು ಸುಳ್ಳುಗಾರ, ಸರಿ. ಆದರೆ ಅವನಿಗೆ ಸಾಕ್ಷಿ ನಿಂತವರು ನಾವು.

ಈ ಸಲ ಬೇರೊಬ್ಬರಿಂದ, ಪಕ್ಕದಲ್ಲೇ ಕೂತು ಮಾಡಿಸಿದೆವು. ಟ್ರಕ್ಕನ್ನು ಸ್ವಲ್ಪ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಮುದಿ ಮಿಸ್ತ್ರಿ ಮೊದಲು ಬಿಚ್ಚಿದ್ದು ಮೇಲಿನ, ತುಂಬುವ ಪ್ಲಗ್ಗನ್ನು. ಕೆಳಗಿನದನ್ನು ಬಿಚ್ಚಿ ಎಣ್ಣೆ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಜಪ್ಪಯ್ಯ ಎನ್ನದಿದ್ದರೆ ಗಾಡಿ ಅಲ್ಲೇ ನಿಂತ ಹಾಗೆ ಎಂದರು. ಕಪ್ಪು ಎಣ್ಣೆಯಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ನುಣ್ಣನೆಯ ಪುಡಿ ಸಹಜ ಸವೆತದ್ದು, ಚೂರು ಸಿಕ್ಕಿದರೆ ಹೆದರಬೇಕು. 90 ನಂಬರಿನ ಗೇರ್ ಎಣ್ಣೆ ತೂತಿನ ಅಂಚಿಗೆ ಬಂದು ತುಳುಕಿದಾಗ ನಮ್ಮ ಬೆರಳನ್ನೇ ಒಳಗೆ ಇಡಿಸಿ ತೋರಿಸಿದರು. ಅಷ್ಟರಲ್ಲಿ ಕೈಯಾಳು ಹುಡುಗ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಹೊರಟ. ಚರಂಡಿ ನಾಗ ನದಿಗೆ, ನಾಗ ನದಿ ಕನ್ಹಾನಿಗೆ, ಅದು ವೈನಗಂಗೆಗೆ. ತಡೆದು ಡಬ್ಬಕ್ಕೆ ತುಂಬಿಸಿದೆವು. ಹಳೆಯ ಎಣ್ಣೆ ಎಲ್ಲಿ ಹೋಯಿತೆಂದು ಕೇಳುವ ಕಾಲಮ್ಮು ಯಾವ ಬಿಲ್ಲಿನಲ್ಲೂ ಇರಲಿಲ್ಲ.

ಹಾಗೆಂದು ಪ್ರತಿ ಬಿಲ್ಲಿಗೂ ಟ್ರಕ್ಕಿನಡಿ ನುಸುಳಲಾದೀತೇ? ಆಗದು. ನಂಬಿಕೆಯಿಲ್ಲದೆ ಕಚೇರಿಯೂ ನಡೆಯದು, ಸಂಸಾರವೂ ನಡೆಯದು. ಪರಊರಿಗೆ ಬಂದು ನೆಲೆಸಿದ ನಮಗಂತೂ ಇದು ಗೊತ್ತಿದ್ದದ್ದೇ. ಮೊದಲ ಬಾಡಿಗೆ ಮನೆ ಸಿಕ್ಕಿದ್ದೇ ಯಾರದೋ ಮಾತಿನ ಮೇಲೆ. ಆದರೆ ನಂಬಿದ್ದೇವೆ ಎನ್ನುವುದು ಬೇರೆ, ನೋಡಿದ್ದೇವೆ ಎನ್ನುವುದು ಬೇರೆ. ಮುದ್ರೆ ಎರಡಕ್ಕೂ ಒಂದೇ ವಾಕ್ಯ ಒತ್ತುತ್ತದೆ.

ಅಂದಿನಿಂದ ಮುದ್ರೆಯ ಪಕ್ಕದಲ್ಲಿ 'ಖುದ್ದು ನೋಡಿದೆ' ಅಥವಾ 'ಡ್ರೈವರ್ ಹೇಳಿಕೆಯ ಮೇರೆಗೆ' ಎಂದು ಕೈಯಿಂದ ಬರೆಯತೊಡಗಿದೆವು. ಎರಡನೆಯದನ್ನು ಬರೆದ ಬಿಲ್ಲುಗಳು ಕೆಲವು ಆಕ್ಷೇಪಣೆಯೊಡನೆ ಹಿಂದಿರುಗಿ ಬಂದವು.