ಬೆಳ್ಳಿಯ ಋಣ

ವಸ್ತುಸಂಗ್ರಹವು ನಿರಪಾಯವಾದ ಹವ್ಯಾಸವೆಂದು ಲೋಕದ ಭಾವನೆ. ಅಂಚೆಚೀಟಿ, ನಾಣ್ಯ, ಕಡಲ ಚಿಪ್ಪು ಇವುಗಳನ್ನು ಕೂಡಿಡುವ ವಿದ್ಯಾರ್ಥಿಯ ಬೆನ್ನನ್ನು ಅಧ್ಯಾಪಕರಾದ ನಾವು ತಟ್ಟುತ್ತೇವೆ. ಭೂಗೋಳವೂ ಇತಿಹಾಸವೂ ಅವನಿಗೆ ಆಟದಲ್ಲಿಯೇ ಬಂದುಬಿಡುವುವೆಂದು ಸಂತೋಷಪಡುತ್ತೇವೆ. ಆದರೆ ವಸ್ತುವಿನೊಡನೆ ಅದರ ಪಾಪಪುಣ್ಯಗಳೂ ನಮ್ಮ ಪೆಟ್ಟಿಗೆಯನ್ನು ಸೇರುತ್ತವೆಯೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡವರಲ್ಲ. ಅದನ್ನು ಕೇಳಿಕೊಳ್ಳುವಂತೆ ಮಾಡಿದವಳು ನಮ್ಮ ಏಳನೆಯ ತರಗತಿಯ ಒಬ್ಬ ಹುಡುಗಿ.

ನಾಣ್ಯಸಂಗ್ರಾಹಕರಾದ ನಮ್ಮ ಮಿತ್ರರೊಬ್ಬರು ಒಂದು ಮಧ್ಯಾಹ್ನ ಶಾಲೆಗೆ ಬಂದು ಎರಡು ಬೆಳ್ಳಿಯ ತುಂಡುಗಳನ್ನು ಮೇಜಿನ ಮೇಲಿರಿಸಿದರು. ಒಂದು, ಅಂಚು ಮುರಿದ ಹಪ್ಪಳದಂತೆ ವಕ್ರವಾದುದು. ನಡುವೆ ಶಿಲುಬೆ, ಪಕ್ಕದಲ್ಲಿ ಪೊಟೊಸಿ ಎಂಬ ಊರಿನ ಟಂಕಸಾಲೆಯ ಗುರುತಾದ 'ಪಿ' ಅಕ್ಷರ, ಬೆಳ್ಳಿಯನ್ನು ಪರೀಕ್ಷಿಸಿದ ಅಧಿಕಾರಿಯದು ಇನ್ನೊಂದು ಅಕ್ಷರ. ಸುತ್ತಿಗೆಯ ಏಟು ಓರೆಯಾಗಿ ಬಿದ್ದುದರಿಂದ ಇಸವಿಯು ಅಂಚಿನಾಚೆಗೆ ಹೋಗಿಬಿಟ್ಟಿತ್ತು. ಅದು ಸ್ಪೇನಿನ ಅರಸರ ಎಂಟು ರೆಯಾಲಿನ ನಾಣ್ಯ. ತೂಕ ಸುಮಾರು 27 ಗ್ರಾಂ. ಇನ್ನೊಂದು, ಈಚೆಗೆ ಅಮೆರಿಕದ ಖಾಸಗಿ ಟಂಕಸಾಲೆಯೊಂದು ಅಚ್ಚು ಹಾಕಿದ ಬಿಲ್ಲೆ, ತೂಕ 31.1 ಗ್ರಾಂ, ಸಾವಿರಕ್ಕೆ 999 ಪಾಲು ಶುದ್ಧ. ಅದರ ಮೇಲೆ ತಲೆಬುರುಡೆ, ಅಡ್ಡಗತ್ತಿಗಳು, ಹಾಯಿಹಡಗು. ಯಾವ ಸರಕಾರದ ನಾಣ್ಯವೂ ಅದಲ್ಲ. ಕಡಲ್ಗಳ್ಳರ ಕಥೆಗೆ ಮರುಳಾದವರಿಗಾಗಿ ಮಾಡಿದ ಅಲಂಕಾರ.

ಯಾವುದು ಬೇಕೆಂದು ಮಿತ್ರರು ಕೇಳಿದಾಗ ಮಕ್ಕಳ ಕೈಗಳೆಲ್ಲ ತಲೆಬುರುಡೆಯ ಕಡೆಗೇ ಚಾಚಿದವು. ಈ ಹುಡುಗಿ ಮಾತ್ರ ವಕ್ರನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು, "ಮಾಷ್ಟ್ರೇ, ಈ ಬೆಳ್ಳಿಯನ್ನು ನೆಲದಿಂದ ತೆಗೆದವರು ಯಾರು? ಅವರಿಗೆ ಎಷ್ಟು ಸಿಕ್ಕಿತು?" ಎಂದು ಕೇಳಿದಳು. ಮಿತ್ರರು ಮೌನವಾದರು. ಸಂಜೆ ಬಸ್ಸಿಗಾಗಿ ಕಾಯುತ್ತಿದ್ದಾಗ, "ಇದನ್ನು ನಾನು ಇಟ್ಟುಕೊಳ್ಳಬಹುದೇ? ನೀವೇ ಹೇಳಿ" ಎಂದರು. ಈ ಬರಹವು ಅವರಿಗೆ ಅಂದು ಕೊಡಲಾರದೆ ಹೋದ ಉತ್ತರ.

ಮೊದಲು ಹುಡುಗಿಯ ಪ್ರಶ್ನೆಯನ್ನು ನೋಡೋಣ. ಇಂದಿನ ಬೊಲಿವಿಯ ದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,000 ಮೀಟರು ಎತ್ತರದಲ್ಲಿ ಪೊಟೊಸಿ ಇದೆ. ಅಲ್ಲಿಯ ಬೆಟ್ಟದಲ್ಲಿ ಬೆಳ್ಳಿಯಿರುವುದು 1545ರಲ್ಲಿ ಸ್ಪೇನಿನವರಿಗೆ ತಿಳಿಯಿತು. 1570ರ ದಶಕದಲ್ಲಿ ಪೆರುವಿನ ರಾಜಪ್ರತಿನಿಧಿಯಾಗಿದ್ದ ಫ್ರಾನ್ಸಿಸ್ಕೊ ದೆ ತೊಲೆದೊ 'ಮಿತ' ಎಂಬ ಬಿಟ್ಟಿದುಡಿಮೆಯ ಕಟ್ಟಳೆಯನ್ನು ಅಲ್ಲಿ ಜಾರಿಗೆ ತಂದನು. ಗೊತ್ತಾದ ಪ್ರಾಂತಗಳ ಮೂಲನಿವಾಸಿ ಗಂಡಸರಲ್ಲಿ ಏಳರಲ್ಲಿ ಒಂದು ಪಾಲು ಜನ ಸರದಿಯಂತೆ ಗಣಿಗೆ ಹೋಗಲೇಬೇಕು. ವರುಷಕ್ಕೆ 13,000ಕ್ಕೂ ಮಿಕ್ಕ ಆಳುಗಳು ಹೆಂಡಿರು ಮಕ್ಕಳೊಡನೆ, ಲಾಮಾಗಳ ಮೇಲೆ ಗಂಟುಮೂಟೆ ಹೇರಿಕೊಂಡು, ನೂರಾರು ಮೈಲಿ ನಡೆದು ಬರುತ್ತಿದ್ದರು. ಮೇಣದ ಬತ್ತಿಯ ಬೆಳಕಿನಲ್ಲಿ ಅದಿರನ್ನು ಹೊತ್ತು ಏಣಿಗಳನ್ನು ಹತ್ತುತ್ತಿದ್ದರು. ಅದಿರಿನಿಂದ ಬೆಳ್ಳಿಯನ್ನು ಬೇರ್ಪಡಿಸಲು ಬೇಕಾದ ಪಾದರಸ ಉವಾಂಕವೆಲಿಕ ಎಂಬ ಇನ್ನೊಂದು ಗಣಿಯಿಂದ ಬರುತ್ತಿತ್ತು. ಅದರ ವಿಷ ಎರಡು ಕಡೆಯ ಆಳುಗಳ ಮೈಗೂ ಇಳಿಯುತ್ತಿತ್ತು. ಕೂಲಿಯೇನೋ ಇತ್ತು, ಹೊಟ್ಟೆ ತುಂಬಲು ಅದು ಸಾಲುತ್ತಿರಲಿಲ್ಲ. 1812ರಲ್ಲಿ ಸ್ಪೇನಿನ ಶಾಸನಸಭೆ ಈ ಕಟ್ಟಳೆಯನ್ನು ರದ್ದುಪಡಿಸಿತು. 'ಅವರಿಗೆ ಎಷ್ಟು ಸಿಕ್ಕಿತು?' ಎಂಬುದಕ್ಕೆ ಇತಿಹಾಸ ಕೊಡುವ ಉತ್ತರ ಇಷ್ಟೇ.

ಈ ಪಾಪ ತೀರಾ ಹಳೆಯದು, ಅದರ ಭಾರ ನಮಗೇಕೆ ಎನ್ನುವವರಿದ್ದಾರೆ. ಹಳೆಯದೆಂಬ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು. ಆದರೆ ಹಳೆಯ ಅನ್ಯಾಯಕ್ಕೆ ಇಂದಿನವನನ್ನು ಅಪರಾಧಿಯೆನ್ನುವುದೂ ತರವಲ್ಲ. ನಮ್ಮ ಮಿತ್ರರು ಯಾರನ್ನೂ ಗಣಿಗೆ ಇಳಿಸಿದವರಲ್ಲ. ಅವರಿಗಿರುವುದು ಅಪರಾಧವಲ್ಲ, ಋಣ. ಇವೆರಡರ ಭೇದವನ್ನು ಮರೆತರೆ ವಿಚಾರ ದಾರಿ ತಪ್ಪುವುದು. ಅಪರಾಧಿಗೆ ಶಿಕ್ಷೆಯುಂಟು, ಋಣಿಯು ತೀರಿಸಬೇಕು, ತೀರಿಸಲಾಗದಿದ್ದರೆ ಒಪ್ಪಿಕೊಳ್ಳಬೇಕು.

ಹಾಗಾದರೆ ತೀರಿಸುವುದು ಯಾರಿಗೆ? 1804ರಲ್ಲಿ ಆಂಗ್ಲರ ಗುಂಡಿಗೆ ಸಿಕ್ಕಿ ಪೋರ್ಚುಗಲ್ಲಿನ ಬಳಿ ಮುಳುಗಿದ 'ಮೆರ್ಸೆಡೆಸ್' ಎಂಬ ಸ್ಪೇನಿನ ಹಡಗಿನಿಂದ ಅಮೆರಿಕದ ಕಂಪನಿಯೊಂದು 2007ರಲ್ಲಿ ಸುಮಾರು 5,94,000 ನಾಣ್ಯಗಳನ್ನು ಮೇಲೆತ್ತಿತು. ಹಡಗು ನಮ್ಮದು ಎಂದು ಸ್ಪೇನ್ ವಾದಿಸಿತು. ನಮ್ಮ ನೆಲದ ಬೆಳ್ಳಿ ಎಂದು ಪೆರು ವಾದಿಸಿತು. ಅಮೆರಿಕದ ನ್ಯಾಯಾಲಯಗಳು ಸ್ಪೇನಿನ ಪರವಾಗಿ ತೀರ್ಪಿತ್ತವು. 2012ರಲ್ಲಿ ನಾಣ್ಯಗಳು ಅಲ್ಲಿಗೆ ಹೋದವು. ಹಡಗಿನ ಒಡೆತನವನ್ನು ನಿರ್ಣಯಿಸಲು ಕಾನೂನು ಬಲ್ಲುದು. ಬೆವರಿನ ಒಡೆತನವನ್ನು ನಿರ್ಣಯಿಸುವ ನ್ಯಾಯಪೀಠ ಮಾತ್ರ ಇನ್ನೂ ಕಾಣದು.

ಇನ್ನು ತಲೆಬುರುಡೆಯ ಬಿಲ್ಲೆಯ ವಿಷಯ. 1883ರಲ್ಲಿ ಸ್ಟೀವನ್‌ಸನ್ನನು ತನ್ನ 'ಟ್ರೆಷರ್ ಐಲೆಂಡ್' ಕಾದಂಬರಿಯ ಗಿಳಿಯಿಂದ ಈ ಎಂಟು ರೆಯಾಲಿನ ಹೆಸರನ್ನೇ ಕೂಗಿಸಿದನು. ಅಂದಿನಿಂದ ಕಡಲ್ಗಳ್ಳನಿಗೂ ಈ ನಾಣ್ಯಕ್ಕೂ ಬಿಡಿಸಲಾಗದ ನಂಟು. ಕಳ್ಳನ ಸೊತ್ತನ್ನು ಕದ್ದವನು ಅಷ್ಟೊಂದು ಕೆಟ್ಟವನಲ್ಲವೆಂಬ ಭಾವವೂ ಜನರಲ್ಲಿದೆ. ಅಗಸ್ಟೀನನೆಂಬ ಕ್ರೈಸ್ತ ಆಚಾರ್ಯನು ಹೇಳುವ ಹಳೆಯ ಕಥೆಯಲ್ಲಿ, ಅಲೆಕ್ಸಾಂಡರನಿಗೆ ಸೆರೆಸಿಕ್ಕ ಕಡಲ್ಗಳ್ಳನು ತನಗೂ ಆ ಚಕ್ರವರ್ತಿಗೂ ಇರುವ ಅಂತರ ಹಡಗುಗಳ ಸಂಖ್ಯೆಯಲ್ಲಿ ಮಾತ್ರವೆಂದು ವಾದಿಸುತ್ತಾನೆ. ಈ ವಾದವು ಚಕ್ರವರ್ತಿಯ ಮುಖವಾಡವನ್ನೇನೋ ಕಳಚುತ್ತದೆ. ಕಳ್ಳನನ್ನು ಸಾಧುವನ್ನಾಗಿ ಮಾಡುವುದಿಲ್ಲ. 1717ರಲ್ಲಿ ಸಾಮ್ಯುಯೆಲ್ ಬೆಲ್ಲಮಿ ಎಂಬ ಕಡಲ್ಗಳ್ಳನು ಹಿಡಿದ 'ವಿಡಾ' ಹಡಗು ಗುಲಾಮರನ್ನು ಸಾಗಿಸಿ, ಮಾರಿ, ಆ ಧನವನ್ನು ಹೊತ್ತು ಮರಳುತ್ತಿತ್ತು. ಕೆಲವೇ ವಾರಗಳಲ್ಲಿ ಅದು ಬಿರುಗಾಳಿಗೆ ಸಿಕ್ಕಿ ಕೇಪ್ ಕಾಡ್ ಬಳಿ ಮುಳುಗಿತು. 1984ರಲ್ಲಿ ಪತ್ತೆಯಾದ ಅದರ ಅವಶೇಷದಲ್ಲಿ ಇದೇ ಸ್ಪೇನಿನ ಬೆಳ್ಳಿ ದೊರೆಯಿತು. ಕೊಳ್ಳೆಯನ್ನು ಕಡಲ್ಗಳ್ಳರು ಕರಾರಿನಂತೆ ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರು. ಮಾರಾಟವಾದ ಮನುಷ್ಯರಿಗೆ ಆ ಕರಾರಿನಲ್ಲಿ ಪಾಲಿರಲಿಲ್ಲ. 'ಹಣವೆಂದರೆ ಹೆಣವೂ ಬಾಯಿಬಿಡುತ್ತದೆ' ಎಂದು ನಮ್ಮ ಗಾದೆ. ಬಿಲ್ಲೆಯ ಮೇಲಿನ ಆ ಬುರುಡೆ ಬಾಯಿಬಿಟ್ಟಿದ್ದರೂ ಇದನ್ನು ಹೇಳುವುದಿಲ್ಲ, ಸುಮ್ಮನೆ ನಗುತ್ತದೆ.

ಹೊಸ ಬಿಲ್ಲೆಯ ಬೆಳ್ಳಿ ನಿರ್ದೋಷವಲ್ಲವೇ ಎಂದು ಮಿತ್ರರು ಕೇಳಿದ್ದರು. 999 ಎಂಬ ಅಂಕಿ ಲೋಹದ ಶುದ್ಧಿಯನ್ನು ಹೇಳುತ್ತದೆ, ಅದನ್ನು ತೆಗೆದ ಕೈಗಳ ವಿಚಾರವನ್ನಲ್ಲ. ಪೊಟೊಸಿಯ ಬೆಟ್ಟದಲ್ಲಿ ಇಂದಿಗೂ ಗಣಿಗಾರರು ದುಡಿಯುತ್ತಿದ್ದಾರೆ. ಹುಡುಗಿಯ ಪ್ರಶ್ನೆ ಹೊಸ ಬೆಳ್ಳಿಗೂ ಅಷ್ಟೇ ಸಲ್ಲುತ್ತದೆ.

ಇದು ದೂರದೇಶದ ಮಾತೆಂದು ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಮಲಬಾರ್ ಕರಾವಳಿಯ ಮೆಣಸಿಗೂ ಗುಜರಾತಿನ ಬಟ್ಟೆಗೂ ಪ್ರತಿಯಾಗಿ ಐರೋಪ್ಯ ಕಂಪನಿಗಳು ಹಡಗು ತುಂಬಿ ತಂದ ಧನದಲ್ಲಿ ಈ ರೆಯಾಲುಗಳೂ ಇದ್ದವು. ಸೂರತ್ತಿಗೆ ಬಂದವು ಕರಗಿ ಮೊಗಲರ ರೂಪಾಯಿಗಳಾದವು. ನಮ್ಮ ಅಜ್ಜಿಯರ ಕಾಲಂದುಗೆಯಲ್ಲಿ ಪೊಟೊಸಿಯ ಒಂದು ಕಣವಿದ್ದರೆ ಆಶ್ಚರ್ಯವಿಲ್ಲ. ಕರಗಿದ ಬೆಳ್ಳಿ ತನ್ನ ಊರನ್ನು ಮರೆತಿದೆ. ಮಿತ್ರರ ಕೈಯ ವಕ್ರನಾಣ್ಯ ಕರಗದೆ ಉಳಿದುದರಿಂದ ಮರೆಯಲಾರದೆ ಉಳಿದಿದೆ.

ನಮ್ಮ ಉತ್ತರ ಇಲ್ಲಿಯೇ ಇದೆಯೆಂದು ತೋರುತ್ತದೆ. ಆ ನಾಣ್ಯ ಒಬ್ಬ ಸಾಕ್ಷಿ. ಸಾಕ್ಷಿಯನ್ನು ಮನೆಯಲ್ಲಿ ಇರಿಸಿಕೊಳ್ಳುವುದು ತಪ್ಪಲ್ಲ, ಬಾಯಿಕಟ್ಟಿ ಇರಿಸಿಕೊಳ್ಳುವುದು ತಪ್ಪು. ನಾಣ್ಯವನ್ನು ತೋರಿಸುವಾಗಲೆಲ್ಲ ಅದರ ತೂಕ, ಅಚ್ಚು, ಅಪೂರ್ವತೆಗಳೊಡನೆ ಗಣಿಯ ಕಥೆಯನ್ನೂ ಹೇಳಬೇಕು. ತಲೆಬುರುಡೆಯ ಬಿಲ್ಲೆಯನ್ನೂ ಎಸೆಯಬೇಕಾಗಿಲ್ಲ. ಎರಡನ್ನೂ ಒಟ್ಟಿಗೆ ತೋರಿಸಿದರೆ, ಸಂಕಟವು ಕಾಲಾಂತರದಲ್ಲಿ ಹೇಗೆ ಆಟಿಕೆಯಾಗುತ್ತದೆಂಬುದು ಮಕ್ಕಳಿಗೆ ತಿಳಿದೀತು.

ನೆನೆಯುವವನಿಗೆ ನೆನಪಿನಿಂದ ಖರ್ಚೇನೂ ಇಲ್ಲ, ಇದು ತೀರಾ ಅಗ್ಗದ ಸಂದಾಯವೆಂದು ಯಾರಾದರೂ ಆಕ್ಷೇಪಿಸಿದರೆ ನಾವು ಒಪ್ಪುತ್ತೇವೆ. ಇದು ಋಣದ ಒಪ್ಪಿಗೆಯಷ್ಟೇ, ತೀರುವಳಿಯಲ್ಲ. ಮಿತ್ರರು ಮುಂದೊಂದು ದಿನ ನಾಣ್ಯವನ್ನು ಹೆಚ್ಚಿನ ಬೆಲೆಗೆ ಮಾರಿದರೆ ಆ ಲಾಭ ಯಾರದು ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಇದನ್ನು ಅವರಿಗೂ ಹೇಳಿದ್ದೇವೆ.

ಕಳೆದ ತಿಂಗಳು ಅವರು ಮತ್ತೆ ಶಾಲೆಗೆ ಬಂದಿದ್ದರು. ನಾಣ್ಯದ ಚೀಲದಲ್ಲಿಡಲು ಒಂದು ಚೀಟಿಯನ್ನು ಬರೆದುಕೊಡುವಂತೆ ಆ ಹುಡುಗಿಯನ್ನೇ ಕೇಳಿದರು. ಅವಳು ದುಂಡಾದ ಅಕ್ಷರಗಳಲ್ಲಿ ಹೀಗೆ ಬರೆದಳು: "ಊರು ಪೊಟೊಸಿ. ಎಂಟು ರೆಯಾಲ್. ತೆಗೆದವರ ಹೆಸರು ತಿಳಿಯದು."