ಸಂಶಯದ ಲಾಭ

ನಾಲವಾರದ ನಮ್ಮ ಓಣಿಯಲ್ಲಿ ಗಂಡನ ಮನೆ ಬಿಟ್ಟು ತವರಿಗೆ ಬಂದವಳ ಬಗ್ಗೆ ಕಟ್ಟೆಯ ಮೇಲೆ ತೀರ್ಪಾಗಿತ್ತು: "ಆಕಿದೇ ತಪ್ಪು ಇರಬೇಕ್ರೀ." ನಾನೂ ತಲೆಯಾಡಿಸಿದ್ದೆ. ಅವಳನ್ನೇ ಕೇಳಿದವರಿಲ್ಲ.

1959ರ ನಾನಾವತಿ ಮೊಕದ್ದಮೆ ನೆನಪಾಗುತ್ತದೆ. ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಧಿಕಾರಿಯನ್ನು ಮುಂಬಯಿಯ ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ನಿರ್ದೋಷಿ ಎಂದರು. ಊರಿನ ಕನಿಕರವೆಲ್ಲ ಅವನ ಕಡೆಗಿತ್ತು. ಹೈಕೋರ್ಟು ಒಪ್ಪದೆ ಜೀವಾವಧಿ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನೇ ಕೈಬಿಟ್ಟಿತು.

ಕಟ್ಟೆಯ ಜ್ಯೂರಿ ಮಾತ್ರ ಉಳಿದಿದೆ. ಕೋರ್ಟಿನಲ್ಲಿ ಸಂಶಯಪಡುವುದು ಆರೋಪದ ಮೇಲೆ. ಅದರ ಲಾಭ ಆರೋಪಿಗೆ. ನಾವು ಸಂಶಯಪಡುವುದು ಮನುಷ್ಯರ ಮೇಲೆ. ಅದರ ಲಾಭ ನಮ್ಮ ಹರಟೆಗೆ.

ಮರುದಿನ ಅವಳ ಮನೆಗೆ ಹೋದೆ. ಬಾಗಿಲು ತೆಗೆಯಲು ತಡಮಾಡಿದಳು. ನನ್ನ ಮೇಲೆ ಅವಳಿಗಿದ್ದ ಸಂಶಯಕ್ಕೆ ಆಧಾರವಿತ್ತು.