ಹಂಗಿಲ್ಲದ ಹಡಗು

'ಯಾರ ಹಂಗೂ ಇಲ್ಲದೆ ಬದುಕಿದರು' ಎಂಬುದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ದೊಡ್ಡ ಹೊಗಳಿಕೆ. ಆದರೆ ತೆಂಗು ಬೆಳೆಯುವವರಿಗೆ ಇರುವಷ್ಟು ಹಂಗು ಬೇರೆ ಯಾರಿಗಿದೆ? ಮಳೆಯ ಹಂಗು, ಕೊಳವೆಬಾವಿಯ ಹಂಗು, ಹೇಮಾವತಿ ನಾಲೆಯ ಹಂಗು, ವರ್ಷಗಟ್ಟಲೆ ಅಟ್ಟದಲ್ಲಿ ಕಾಪಾಡಿದ ಉಂಡೆ ಕೊಬ್ಬರಿಗೆ ಮಾರುಕಟ್ಟೆ ಕಟ್ಟುವ ಬೆಲೆಯ ಹಂಗು. ಬಹುಶಃ ಅದಕ್ಕೇ ಇರಬೇಕು, ಅಣುಶಕ್ತಿಯ ವಿಮಾನವಾಹಕ ನೌಕೆಗಳ ಬಗ್ಗೆ ಓದುವಾಗಲೂ ನನಗೆ ಮೊದಲು ನೆನಪಾದದ್ದು ಈ ಪದವೇ.

ಅಮೆರಿಕದ ನಿಮಿಟ್ಜ್ ವರ್ಗದ ನೌಕೆಯೊಂದರ ತೂಕ ಸುಮಾರು 1,00,000 ಟನ್. ಅದರ ಎರಡು ರಿಯಾಕ್ಟರುಗಳಿಗೆ ಒಮ್ಮೆ ಇಂಧನ ತುಂಬಿದರೆ 20 ವರ್ಷಕ್ಕೂ ಹೆಚ್ಚು ಕಾಲ ಮತ್ತೆ ತುಂಬಬೇಕಿಲ್ಲ. ಹಬೆಯ ಒತ್ತಡದಿಂದ ಕವಣೆಯಂತೆ ವಿಮಾನಗಳನ್ನು ಆಕಾಶಕ್ಕೆ ಚಿಮ್ಮಿಸುತ್ತದೆ. ಪರದೇಶದ ನೆಲದಲ್ಲಿ ರನ್‌ವೇ ಕೇಳಬೇಕಿಲ್ಲ, ತನ್ನ ಓಟಕ್ಕೆ ಎಣ್ಣೆ ಬೇಡಬೇಕಿಲ್ಲ. ನಮ್ಮ ವಿಕ್ರಮಾದಿತ್ಯ ಮತ್ತು 2022ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಇಂಥವಲ್ಲ. ಎರಡೂ ಎಣ್ಣೆ ಸುಟ್ಟು ಓಡುವಂಥವು.

ಕೇಳುವ ಅಗತ್ಯವೇ ಇಲ್ಲದ ಬಲ ನ್ಯಾಯವಾಗಿ ನಡೆದುಕೊಳ್ಳಬಲ್ಲದೆ? ಇದು ನನ್ನ ಪ್ರಶ್ನೆ. ಕೇಳಬೇಕಾದವರು ಎದುರಿನವರ ಮಾತಿಗೂ ಕಿವಿಗೊಡಬೇಕಾಗುತ್ತದೆ. ನಾಲೆಯ ನೀರಿಗೆ ಪಕ್ಕದ ತೋಟದವರನ್ನು ಕೇಳಲೇಬೇಕಾದವರು ಅವರ ಜೊತೆ ಮಾತು ಬಿಡುವಂತಿಲ್ಲ.

1971ರ ಡಿಸೆಂಬರ್ ನೋಡಿ. ಆಗಿನ ವಿಕ್ರಾಂತ್ ಬ್ರಿಟನ್ನಿನಿಂದ ಕೊಂಡ ಹಡಗು. ಬಾಯ್ಲರ್ ಬಿರುಕು ಬಿಟ್ಟಿದ್ದರಿಂದ ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ಆ ಸ್ಥಿತಿಯಲ್ಲೇ ಅದರ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ಮಾಡಿದವು. ಯುದ್ಧ ಮುಗಿಯುವ ಹೊತ್ತಿಗೆ ಎಂಟು ರಿಯಾಕ್ಟರುಗಳ ಅಮೆರಿಕದ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಯತ್ತ ಬಂತು. ಎರಡೂ ಹಡಗುಗಳು ಸೇವೆಗೆ ಸೇರಿದ್ದು 1961ರಲ್ಲೇ. ಎಂಟರ್‌ಪ್ರೈಸ್ ಒಂದು ಗುಂಡನ್ನೂ ಹಾರಿಸಲಿಲ್ಲ. ಆದರೂ ಅದು ಬಂದದ್ದು ನಮ್ಮಲ್ಲಿ ಇಂದಿಗೂ ಮರೆತಿಲ್ಲ. ಹೊಡೆಯದೆ, ಬರೀ ಬಂದು ನಿಂತು ಹೆದರಿಸುವುದೇ ಈ ನೌಕೆಗಳ ಮುಖ್ಯ ಕೆಲಸ.

'ಹಾಗಾದರೆ ನಾವೂ ಅಂಥದ್ದನ್ನು ಕಟ್ಟಬೇಕು, ಇನ್ನೊಬ್ಬರ ಕೈ ಯಾಕೆ ಕಾಯಬೇಕು' ಎಂದು ನನ್ನ ಹಾಸ್ಟೆಲಿನ ಗೆಳೆಯರು ವಾದಿಸುತ್ತಾರೆ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಹಂಗಿನಲ್ಲಿ ಇರುವವರೆಲ್ಲ ಒಳ್ಳೆಯವರಾಗುವುದಿಲ್ಲ. ಹಂಗು ಎಷ್ಟೋ ಸಲ ಬಾಯಿ ಮುಚ್ಚಿಸುತ್ತದೆ. ಸರಿ ಕಂಡದ್ದನ್ನು ಹೇಳಲೂ ಕಾಲಿನ ಕೆಳಗೆ ಒಂದಿಷ್ಟು ಸ್ವಂತ ನೆಲ ಬೇಕು.

ಆದರೆ ಹಂಗಿಲ್ಲದ ಹಡಗು ನಿಜಕ್ಕೂ ಇದೆಯೇ? ರಿಯಾಕ್ಟರು ಹಡಗನ್ನು ಓಡಿಸುತ್ತದೆ, ವಿಮಾನಗಳನ್ನಲ್ಲ. ಅವುಗಳ ಇಂಧನವನ್ನು ಬೇರೆ ಹಡಗುಗಳೇ ತಂದುಕೊಡಬೇಕು. ಒಳಗಿರುವ ಸುಮಾರು 5,000 ಜನರಿಗೆ ಊಟವೂ ಹಾಗೆಯೇ ಬರಬೇಕು. ಯುರೇನಿಯಂ ಹೊಟ್ಟೆ ತುಂಬಿಸುವುದಿಲ್ಲ.

ಇನ್ನೊಂದು ಹಂಗನ್ನು ನೋಡಲು ನಾವು ಕಾರವಾರಕ್ಕೆ ಹೋಗಬೇಕು. ವಿಕ್ರಮಾದಿತ್ಯ ತಂಗುವುದು ಅಲ್ಲಿನ ಕದಂಬ ನೌಕಾನೆಲೆಯಲ್ಲಿ. 2005ರಲ್ಲಿ ಸೇವೆಗೆ ಬಂದ ಆ ನೆಲೆಗಾಗಿ, ಸೀಬರ್ಡ್ ಯೋಜನೆಯ ಹೆಸರಿನಲ್ಲಿ, ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆದು ನಿಲ್ಲಿಸುತ್ತಿದ್ದ ದಂಡೆಯನ್ನು ಬಿಟ್ಟು ಎದ್ದವು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು. ಎಣ್ಣೆಯ ಹಂಗನ್ನು ರಿಯಾಕ್ಟರು ಕಳೆಯಬಹುದು. ಈ ಜನರ ಹಂಗನ್ನು ಯಾವ ಯಂತ್ರವೂ ಕಳೆಯಲಾರದು.

ಭಾರತದ ಮುಂದಿನ ನೌಕೆಗೆ ಅಣುಶಕ್ತಿ ಬೇಕೋ ಬೇಡವೋ ಎಂಬುದನ್ನು ತಜ್ಞರು ಲೆಕ್ಕ ಹಾಕಲಿ. ಆ ಲೆಕ್ಕದಲ್ಲಿ ಟನ್ನು, ವೇಗ, ಖರ್ಚುಗಳ ಜೊತೆಗೆ, ದಂಡೆ ಬಿಟ್ಟು ಎದ್ದವರಿಗೆ ಇನ್ನೂ ಸಲ್ಲಬೇಕಾದದ್ದೂ ಇರಬೇಕು ಎಂದು ಕೇಳುವುದು ನಮ್ಮ ಪಾಲಿನ ಕೆಲಸ.